ಹಿಮಸಾರಂಗದವರ ಹಗ್ಗ ದಾಟಿದ್ದು

ನೆಲದ ಮೇಲೆ ಉದ್ದಕ್ಕೆ ಬಿದ್ದಿರುವ ಯಾವುದನ್ನೂ ನಾನು ದಾಟುವುದಿಲ್ಲ. ಹಿತ್ತಲಲ್ಲಿ ನೀರಿನ ಪೈಪು ಅಡ್ಡ ಬಿದ್ದಿದ್ದರೆ ನಲ್ಲಿಯ ತನಕ ಹೋಗಿ, ಸುತ್ತು ಹಾಕಿ ಆ ಕಡೆಗೆ ಬರುತ್ತೇನೆ. ವ್ಯಾಕ್ಯೂಮ್ ಕ್ಲೀನರಿನ ವೈರು ಎದುರಾದರೆ ಅದನ್ನು ಎತ್ತಿ ಗೋಡೆಗೆ ಸರಿಸಿ, ಆಮೇಲೆ ಹೆಜ್ಜೆ. ಮೊನ್ನೆ ಅಡಿಲೇಡಿನ ಅಂಚಿನಲ್ಲಿರುವ ಸ್ಯಾಲಿಸ್‌ಬರಿಯ ನಮ್ಮ ಬೀದಿಯಲ್ಲಿ ರಸ್ತೆ ಅಗೆಯುವವರು ಕೇಬಲ್ಲು ಎಳೆದಿಟ್ಟಿದ್ದರು. ಹಾಲು ತರಲು ಹೊರಟ ನಾನು ಆ ಕೇಬಲ್ಲಿನ ಪಕ್ಕದಲ್ಲೇ ಮುಂದಿನ ತಿರುವಿನವರೆಗೂ ನಡೆದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟಿದ್ದವನೊಬ್ಬ ಕನಿಕರದಿಂದ "ಯೂ ರೈಟ್, ಲವ್?" ಎಂದ. ಚೆನ್ನಾಗಿದ್ದೇನಪ್ಪ ಎಂದೆ. ಬಿಸಿಲಲ್ಲಿ ಬೆವರುತ್ತಿದ್ದ ಆ ಪುಣ್ಯಾತ್ಮನಿಗೆ ಸೈಬೀರಿಯಾದ ಕಥೆ ಹೇಳುವುದಕ್ಕಾಗುತ್ತದೆಯೇ?

ನಿಮಗೆ ನಗು ಬಂದಿರಬಹುದು. ನಗಿ, ಪರವಾಗಿಲ್ಲ. ನನ್ನನ್ನು ನೋಡಿ ನಗುವ ಅಭ್ಯಾಸ ಈ ದೇಶದ ಕನ್ನಡಿಗರಿಗೆ ಚೆನ್ನಾಗಿಯೇ ಆಗಿದೆ. ಅಡಿಲೇಡಿನವರು ನಕ್ಕಾಯಿತು, ಬ್ರಿಸ್ಬೇನಿನವರು ಹೊಟ್ಟೆ ಹಿಡಿದುಕೊಂಡು ನಕ್ಕಾಯಿತು, ಪರ್ತ್‌ನವರು ಮಾತ್ರ ನಗಲಿಲ್ಲ. ಅವರು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ದಾಟುವ ವಿಷಯದಲ್ಲಿ ನಾನು ಮೊದಲಿನಿಂದಲೂ ಅಪರಾಧಿಯೇ. ಮಲಗಿದ ಮಗುವನ್ನು ದಾಟಿದರೆ ಅದು ಬೆಳೆಯುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ದಾಟಿದವರು ಹಿಂದಕ್ಕೆ ದಾಟಿ ಬಿಟ್ಟರೆ ದೋಷ ಹೋಗುತ್ತಿತ್ತಂತೆ. ನಾನು ಸ್ಕೂಲಿಗೆ ಹೊತ್ತಾಯಿತೆಂದು ತಮ್ಮನನ್ನು ದಾಟಿ ಓಡುತ್ತಿದ್ದವಳು, ಹಿಂದಕ್ಕೆ ದಾಟಲು ಯಾರಿಗೆ ಪುರುಸೊತ್ತು? ನಮ್ಮಪ್ಪನ ಕಡೆಯವರೆಲ್ಲ ಕುಳ್ಳರೇ. ಆದರೂ ತಮ್ಮ ಕುಳ್ಳಗೆ ಉಳಿದದ್ದಕ್ಕೆ ನನ್ನ ಕಾಲೇ ಕಾರಣ ಎಂದು ಮನೆಯಲ್ಲಿ ಇವತ್ತಿಗೂ ನಂಬಿಕೆ. ಅವನ ಮದುವೆಗೆ ಹೆಣ್ಣು ಹುಡುಕುವಾಗಲೂ ಆ ಮಾತು ಬಂದಿತ್ತು.

ಇನ್ನೊಂದು ದಾಟುವ ವಿಷಯ ನಗುವಂಥದ್ದಲ್ಲ. ಮೈಸೂರಿನ ನಮ್ಮ ವಠಾರದ ಮನೆಯಲ್ಲಿ ಬಚ್ಚಲಿಗೂ ಹಿತ್ತಲ ಬಾಗಿಲಿಗೂ ನಡುವೆ ಒಂದು ಕತ್ತಲೆಯ ಓಣಿಯಿತ್ತು. ತಿಂಗಳ ಆ ದಿನಗಳಲ್ಲಿ ನನ್ನ ಚಾಪೆ, ತಟ್ಟೆ, ಲೋಟ ಅಲ್ಲಿ. ಕೆಂಪು ಗಾರೆಯ ನೆಲದ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನನ್ನ ಕಾಲಿಗೆ ಗೊತ್ತಿತ್ತು. ಅಜ್ಜಿ ಅನ್ನವನ್ನು ಮೇಲಿನಿಂದ ಬಡಿಸುವಾಗ ತಟ್ಟೆಯ ಆಚೆ ಬಿದ್ದ ಅಗುಳನ್ನು ನೋಡುತ್ತಾ, ದೊಡ್ಡವಳಾದ ಮೇಲೆ ಈ ಮನೆಯಲ್ಲಿ ಇರಬಾರದು ಅಂದುಕೊಳ್ಳುತ್ತಿದ್ದೆ. ಮದುವೆಯಾದ ಹೊಸದರಲ್ಲಿ ತವರಿಗೆ ಬಂದಾಗ ನನ್ನನ್ನು ಮತ್ತೆ ಅಲ್ಲಿ ಕೂರಿಸಿದರು. ನಮ್ಮವರು ಅಮ್ಮನ ಎದುರೇ "ಇದೆಲ್ಲಾ ಅನಾಗರಿಕ ಅತ್ತೆ, ನಮ್ಮನೇಲಿ ಇದು ನಡಿಯಲ್ಲ" ಎಂದುಬಿಟ್ಟರು. ಅವತ್ತು ಅವರ ಮೇಲೆ ನನಗೆ ಬಂದ ಅಭಿಮಾನವನ್ನು ಇವತ್ತು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಮ್ಮವರು ಎಂದರೆ ರಘು. ಓದಿದ್ದು ಎಂಜಿನಿಯರಿಂಗ್, ಸ್ವಭಾವದಲ್ಲಿ ಹುಚ್ಚುಗಳ ಮನುಷ್ಯ. ಒಂದು ವರ್ಷ ದೂರದರ್ಶಕ ತಂದು ನಕ್ಷತ್ರ ನೋಡಿದರು. ಇನ್ನೊಂದು ವರ್ಷ ಮನೆಯಲ್ಲೇ ಬ್ರೆಡ್ ಮಾಡುತ್ತೇನೆಂದು ಹುಳಿ ಬಂದ ಹಿಟ್ಟಿನ ಡಬ್ಬಗಳನ್ನು ಫ್ರಿಜ್ಜಿನ ತುಂಬ ಸಾಕಿದರು. ಆಮೇಲೆ ಕ್ಯಾಮೆರಾ ಬಂತು. ಕೊರೊನಾಗಿಂತ ಮುಂಚಿನ ಮಾತು. ಒಂದು ಸಂಜೆ ಕಂಪ್ಯೂಟರಿನ ಮುಂದಿನಿಂದ ಎದ್ದು ಬಂದವರೇ, "ವಿಜೀ, ಎಲ್ಲಾರೂ ಬಾಲಿಗೆ ಹೋಗಿ ಬಿದ್ಕೊಂಡಿರ್ತಾರೆ. ನಾವು ಈ ಸಲ ನೆನೆಟ್ಸ್ ಜನರ ಹತ್ರ ಹೋಗೋಣ" ಎಂದರು.

"ಯಾರು ಅವ್ರು?"

"ಸೈಬೀರಿಯಾ ಕಣೇ. ಹಿಮಸಾರಂಗ ಮೇಯಿಸ್ಕೊಂಡು, ಗುಡಾರ ಹೊತ್ಕೊಂಡು ಊರೂರು ಅಲೀತಾರೆ. ಊರು ಎಲ್ಲಿ ಬಂತು, ಬರೀ ಬಯಲು. ಮೈನಸ್ ನಲವತ್ತು!"

ಮೈನಸ್ ನಲವತ್ತು ಎನ್ನುವಾಗ ಅವರ ಮುಖ ಮೈಸೂರುಪಾಕು ಕಂಡ ಮಗುವಿನ ಮುಖದ ಹಾಗಾಗಿತ್ತು. ನಾನೋ ಧನುರ್ಮಾಸದ ಚಳಿಗೇ ಮಂಕಿಕ್ಯಾಪ್ ಹಾಕಿಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದವಳು. ಒಲ್ಲೆ ಎನ್ನಬಹುದಿತ್ತು. ಆದರೆ ಹೊಸ ಕ್ಯಾಮೆರಾ ಕೊಂಡವರ ಹೆಂಡತಿಗೆ ಒಲ್ಲೆ ಎನ್ನುವ ಅಧಿಕಾರ ಇರುವುದಿಲ್ಲ. ಮಗಳು ಅನಘಾಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು, ಅಡಿಲೇಡಿನ ಜನವರಿಯ ಬೇಗೆಯಲ್ಲಿ ಉಣ್ಣೆಯ ಒಳಉಡುಪು ಕೈಯಲ್ಲಿ ಹಿಡಿದುಕೊಂಡು ವಿಮಾನ ಹತ್ತಿದೆವು. ಇಲ್ಲಿ ಸೊನ್ನೆಗಿಂತ ಮೇಲೆ ನಲವತ್ತು, ಅಲ್ಲಿ ಸೊನ್ನೆಗಿಂತ ಕೆಳಗೆ ನಲವತ್ತು.

ವಿಮಾನಗಳು, ರೈಲು, ಕಡೆಗೆ ಹಿಮದ ಮೇಲೆ ಓಡುವ ದೊಡ್ಡ ಚಕ್ರದ ಗಾಡಿ, ಎಲ್ಲ ಮುಗಿದು ಆ ಬಯಲಿಗೆ ಮುಟ್ಟಿದಾಗ ನನ್ನ ಮೂಗು ನನ್ನ ಮುಖದ ಮೇಲೇ ಇದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡೆ. ಕೈಗೂ ಗೊತ್ತಾಗಲಿಲ್ಲ. ನಮ್ಮನ್ನು ಇರಿಸಿಕೊಂಡ ಮನೆಯಾಕೆಯ ಹೆಸರು ಗಾಲ್ಯಾ. ನನ್ನ ವಯಸ್ಸಿನವಳೇ, ಗುಂಡು ಮುಖ. ಗಂಡ, ವಯಸ್ಸಾದ ಮಾವ, ನೂರಾರು ಹಿಮಸಾರಂಗ, ಇಷ್ಟು ಅವಳ ಸಂಸಾರ. ಉದ್ದನೆಯ ಗಳುಗಳನ್ನು ನಿಲ್ಲಿಸಿ, ಮೇಲೆ ಸಾರಂಗದ ಚರ್ಮ ಹೊದಿಸಿದ ಗುಡಾರ. ನಡುವೆ ಕಬ್ಬಿಣದ ಒಲೆ. ನಮ್ಮ ಜೊತೆ ಪಟ್ಟಣದಿಂದ ಬಂದಿದ್ದ ಲೀದಾ ಎಂಬ ನಿವೃತ್ತ ಸ್ಕೂಲು ಮೇಡಮ್ಮು ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ನಾವಿಬ್ಬರೂ ಮಾಂಸ ಮುಟ್ಟುವವರಲ್ಲ. ಆಗಷ್ಟೇ ಕೊಯ್ದ ಸಾರಂಗದ ಹಸಿಮಾಂಸವನ್ನು ಬಿಸಿ ರಕ್ತದಲ್ಲಿ ಅದ್ದಿ ತಿನ್ನುವವರ ಮನೆಗೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋದ ಬುದ್ಧಿವಂತರು ನಾವು. ಗಾಲ್ಯಾ ಚಟ್ನಿಪುಡಿಯನ್ನು ಮೂಸಿ ನೋಡಿ, ಒಂದು ಚಿಟಿಕೆ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡಳು. ಇನ್ನು ಮುಟ್ಟುವುದಿಲ್ಲ ಅಂದುಕೊಂಡೆ. ಮಾರನೆಯ ಊಟಕ್ಕೆ ಹೆಪ್ಪುಗಟ್ಟಿದ ಮೀನಿನ ಮೇಲೆ ಉದುರಿಸಿಕೊಂಡು ಡಬ್ಬವನ್ನು ಅರ್ಧ ಮಾಡಿದಳು. ಅಮ್ಮ ಹುರಿದು ಕುಟ್ಟಿ ಕಳಿಸಿದ್ದ ಪುಡಿ. ಯಾವ ಮೀನಿನ ಮೇಲೆ ಬಿತ್ತೆಂದು ಅಮ್ಮನಿಗೆ ನಾನಿನ್ನೂ ಹೇಳಿಲ್ಲ.

ಮೊದಲ ದಿನವೇ ಲೀದಾ ನಿಯಮಗಳನ್ನು ಹೇಳಿದಳು. ಒಳಗೆ ಬರುವ ಮುಂಚೆ ಬಾಗಿಲ ಬಳಿ ಇಟ್ಟಿರುವ ಕೋಲಿನಿಂದ ಬೂಟು, ಕೋಟುಗಳ ಮೇಲಿನ ಹಿಮವನ್ನು ಪೂರ್ತಿ ಬಡಿಯಬೇಕು. ಇಲ್ಲದಿದ್ದರೆ ಒಳಗಿನ ಕಾವಿಗೆ ಕರಗಿ, ತುಪ್ಪಳ ಒದ್ದೆಯಾಗಿ, ಹೊರಗೆ ಹೋದ ಕೂಡಲೇ ಕಾಲು ಸೆಟೆದುಕೊಳ್ಳುತ್ತದೆ. ಇದು ಎಲ್ಲರಿಗೂ. ಹೆಂಗಸರಿಗೆ ಇನ್ನೂ ಎರಡು. ಒಲೆಯ ಆಚೆ, ಬಾಗಿಲಿಗೆ ಎದುರಿನ ಜಾಗ ದೇವರದು, ಅದನ್ನು ಹಾಯಬಾರದು. ಗಂಡಸರು ಸಾರಂಗ ಹಿಡಿಯುವ ಕುಣಿಕೆಹಗ್ಗವನ್ನಾಗಲಿ, ಜಾರುಬಂಡಿಗೆ ಕಟ್ಟುವ ಪಟ್ಟಿಗಳನ್ನಾಗಲಿ ದಾಟಬಾರದು. ದಾಟಿದರೆ ಆ ಹಗ್ಗಕ್ಕೆ ಪ್ರಾಣಿ ಸಿಗುವುದಿಲ್ಲ, ಮಂದೆಗೆ ಕೇಡು.

"ವಾಟ್ ಎ ಕಲ್ಚರ್! ಎಷ್ಟು ಡೀಪ್ ಆಗಿದೆ ನೋಡು ವಿಜೀ" ಎಂದರು ನಮ್ಮವರು. ಮೈಸೂರಿನಲ್ಲಿ ಅನಾಗರಿಕವಾಗಿದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ ಸಂಸ್ಕೃತಿಯಾಗಿತ್ತು. ಲೀದಾ ಮಾತು ಮುಗಿಸುವ ಮೊದಲೇ ನನ್ನ ಕಾಲಿಗೆ ಗೆರೆ ಸಿಕ್ಕಿಬಿಟ್ಟಿತ್ತು. ಟೀ ಕೆಟಲ್ಲು ಎತ್ತಿಕೊಡುವಾಗ ನಾನು ಒಲೆಯ ಆಚೆ ಹಾಯದೆ, ಬಂದ ದಾರಿಯಲ್ಲೇ ವಾಪಸು ಬರುತ್ತಿದ್ದುದನ್ನು ಗಾಲ್ಯಾ ಗಮನಿಸಿದಳು. ನನ್ನ ಭುಜ ತಟ್ಟಿ ಏನೋ ಹೇಳಿದಳು. "ನಿನಗೆ ಹೇಳಿಕೊಡಬೇಕಾದ್ದಿಲ್ಲ ಅನ್ನುತ್ತಿದ್ದಾಳೆ" ಎಂದಳು ಲೀದಾ. ನನಗೆ ಆ ಪದ್ಧತಿ ಇಷ್ಟವಾಯಿತೆಂದು ತಿಳಿಯಬೇಡಿ, ಸಿಟ್ಟೇ ಬಂದಿತ್ತು. ಯಾವುದರಿಂದ ತಪ್ಪಿಸಿಕೊಂಡು ದೇಶ ಬಿಟ್ಟೆನೋ ಅದನ್ನು ನೋಡಲು ದುಡ್ಡು ಕೊಟ್ಟು ಬಂದಿದ್ದೆ. ಆದರೂ ಮನೆ ಅವಳದು. ಆ ಗುಡಾರವನ್ನು ಬಿಚ್ಚಿ ಕಟ್ಟುವುದು ಅವಳ ಕೈ, ಗಂಡಸರಿಗೆ ಆ ಕೆಲಸವೇ ಇಲ್ಲ. ಅವಳು ಭುಜ ತಟ್ಟಿದ್ದು ನನಗೆ ಬೇಕಾಗಿತ್ತು.

ಆಮೇಲೆ ಅವರು ಬೀಡು ಬದಲಿಸುವ ದಿನ ಬಂತು. ಮೇವು ತೀರಿತ್ತು. ಅಲ್ಲಿ ಸೂರ್ಯ ನೆಂಟರ ಮನೆಗೆ ಬಂದ ಹಾಗೆ ಬಂದು ಹೋಗುತ್ತಾನೆ, ಆ ಸ್ವಲ್ಪ ಬೆಳಕಿನಲ್ಲೇ ಎಲ್ಲ ಆಗಬೇಕು. ಗಾಲ್ಯಾ, ನಾನು, ಲೀದಾ ಗುಡಾರದ ಚರ್ಮಗಳನ್ನು ಮಡಿಸಿ ಬಂಡಿಗೆ ಹೇರುತ್ತಿದ್ದೆವು. ಆ ಕಡೆ ಗಂಡಸರು ಬಂಡಿಗಳನ್ನು ಸಾಲಾಗಿ ನಿಲ್ಲಿಸಿ, ಹಗ್ಗ, ಪಟ್ಟಿಗಳನ್ನು ಹಿಮದ ಮೇಲೆ ಹರವಿಕೊಂಡಿದ್ದರು. ನಮ್ಮವರು ಬೆಳಗಿನಿಂದ ಕ್ಯಾಮೆರಾ ಹಿಡಿದು ಒಳಗೆ ಹೊರಗೆ ಓಡಾಡುತ್ತಲೇ ಇದ್ದರು. ಹಿಮ ಬಡಿಯಲು ಪುರುಸೊತ್ತಿಲ್ಲ. ಒಂದು ಸಲ ಗಾಲ್ಯಾ ತಾನೇ ಬೈಯುತ್ತಾ ಅವರ ಬೂಟು ಬಡಿದಳು. "ಇರಲಿ ಬಿಡು, ಬೆಳಕು ಹೋಗ್ಬಿಡುತ್ತೆ" ಎಂದು ಅರ್ಧಕ್ಕೇ ಕಾಲು ಕಿತ್ತುಕೊಂಡು ಓಡಿದರು.

ಇದ್ದಕ್ಕಿದ್ದಂತೆ ಬಂಡಿಗಳ ಸಾಲಿನ ಆಚೆಯಿಂದ ಅವರ ಕೂಗು. "ವಿಜೀ! ಕಾಲು ಗೊತ್ತಾಗ್ತಾನೇ ಇಲ್ಲ ಕಣೇ! ಬಾರೇ! ಬೇಗ ಬಾರೇ!" ತಿರುಗಿ ನೋಡಿದರೆ ಹಿಮದ ಮೇಲೆ ಕುಳಿತು, ಬೂಟಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಾರೆ. ನನಗೂ ಅವರಿಗೂ ನಡುವೆ ಗಾಲ್ಯಾಳ ಮುದಿ ಮಾವನ ಕುಣಿಕೆಹಗ್ಗ ಉದ್ದಕ್ಕೆ ಬಿದ್ದಿತ್ತು. ಬಂಡಿಗಳ ಸಾಲನ್ನು ಸುತ್ತಿ ಬರಬಹುದಿತ್ತು, ಆದರೆ ಆ ಕಡೆ ಮಂದೆ ಒತ್ತಿಕೊಂಡು ನಿಂತಿತ್ತು. "ನಡುವೆ ಹಗ್ಗ ಇದೆಯಲ್ರೀ!" ಎಂದು ಕೂಗಿದೆ. "ಹಾಳಾಗ್ಲಿ ಹಗ್ಗ, ಬಾರೇ ನೀನು!" ಎಂದರು. ದಾಟಿದೆ. ಹಗ್ಗ ಎಂದು ಗೊತ್ತಿದ್ದೇ ದಾಟಿದೆ.

ಹಿಂದೆ ಲೀದಾ ಕಿರುಚಿದಳು. ಎಲ್ಲರೂ ನಿಂತಲ್ಲೇ ನಿಂತರು. ನಾನು ಅವರ ಬೂಟು, ಒದ್ದೆ ಕಾಲುಚೀಲ ಎಳೆದು ಹಾಕಿ, ನನ್ನ ಕೋಟು ಬಿಚ್ಚಿ, ಅವರ ಪಾದವನ್ನು ನನ್ನ ಬರಿ ಹೊಟ್ಟೆಗೆ ಒತ್ತಿಕೊಂಡೆ. ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಅನಘಾ ಒದೆಯುತ್ತಿದ್ದ ಜಾಗದಲ್ಲಿ ಈ ಪಾದ. ಜೀವ ಬರುತ್ತಾ ಬರುತ್ತಾ ಅವರು ನೋವಿಗೆ ನನ್ನ ಹೆಗಲನ್ನು ಕಚ್ಚಿದರು.

ಅಷ್ಟರಲ್ಲಿ ಬಿಚ್ಚಿದ್ದ ಒಲೆಯನ್ನು ಗಾಲ್ಯಾ ಮತ್ತೆ ಹೊತ್ತಿಸಬೇಕಾಯಿತು. ಕೆಂಡದ ಮೇಲೆ ಕೊಬ್ಬು, ತುಪ್ಪಳ ಹಾಕಿ ಹೊಗೆ ಎಬ್ಬಿಸಿ, ಹಗ್ಗವನ್ನು ಆ ಹೊಗೆಯಲ್ಲಿ ಹಾಯಿಸಿದಳು. ನನ್ನನ್ನೂ ಹಾಯಿಸಿದಳು. ಮುದುಕ ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಬೆಳಕು ಹೋಯಿತು. ಆ ದಿನ ಹೊರಡುವುದು ತಪ್ಪಿ, ಕಟ್ಟಿದ್ದನ್ನೆಲ್ಲ ಗಾಲ್ಯಾ ಮತ್ತೆ ಬಿಚ್ಚಿದಳು. ಮೇಯಲು ಏನೂ ಇಲ್ಲದ ನೆಲದಲ್ಲಿ ಮಂದೆ ಹಸಿದು ನಿಂತಿತು.

ಗುಡಾರದೊಳಗೆ ಟೀ ಕುಡಿಯುವಾಗ ಮುದುಕ ಕೇಳಿದ್ದನ್ನು ಲೀದಾ ಇಂಗ್ಲಿಷಿನಲ್ಲಿ ನಮ್ಮವರಿಗೆ ಹೇಳಿದಳು: ಈಕೆ ಯಾಕೆ ದಾಟಿದಳು? ನಮ್ಮವರು ಕಂಬಳಿ ಹೊದ್ದು, ಬಣ್ಣ ಬಂದ ಬೆರಳುಗಳನ್ನು ಆಡಿಸಿ ನೋಡಿಕೊಳ್ಳುತ್ತಿದ್ದರು. ನಾನು ಅವರ ಮುಖ ನೋಡಿದೆ. "ಸಾರಿ," ಎಂದರು. "ಮೈ ವೈಫ್ ಡಿಡ್ನಾಟ್ ಅಂಡರ್‌ಸ್ಟ್ಯಾಂಡ್ ದ ರೂಲ್ಸ್." ಲೀದಾ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಗಾಲ್ಯಾ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಟೀ ಬಗ್ಗಿಸತೊಡಗಿದಳು.

ನಾನೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಏನೆಂದು ಹೇಳಲಿ? ಅವರು ಕರೆದದ್ದು ಕನ್ನಡದಲ್ಲಿ. ಆ ಇಡೀ ಬಯಲಿನಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಒಬ್ಬರು ಕರೆದವರು, ಇನ್ನೊಬ್ಬಳು ಕೇಳಿಸಿಕೊಂಡವಳು. ಕರೆದವರೇ ಅದನ್ನು ಮುಚ್ಚಿಟ್ಟ ಮೇಲೆ ಕೇಳಿಸಿಕೊಂಡವಳ ಮಾತಿಗೆ ಸಾಕ್ಷಿ ಯಾರು? ಹೊರಡುವ ದಿನ ಗಾಲ್ಯಾ ನನಗೆ ಒಣಗಿದ ಹಣ್ಣು ಕೊಟ್ಟಳು, ತಬ್ಬಿಕೊಂಡಳು. ಭುಜ ತಟ್ಟಲಿಲ್ಲ.

ಅಡಿಲೇಡಿಗೆ ವಾಪಸು ಬಂದ ಮೇಲೆ, ಕಿಲ್ಬರ್ನ್‌ನಲ್ಲಿ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ನಮ್ಮ ಕನ್ನಡದವರ ಯುಗಾದಿ ನಡೆಯಿತು. ಬಿಸಿಬೇಳೆಬಾತ್ ಆದ ಮೇಲೆ ನಮ್ಮವರ ಚಿತ್ರಪ್ರದರ್ಶನ. ಚಿತ್ರಗಳು ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ನಡುವೆ ಕಥೆ ಬಂತು. "ಲೀದಾ ಅಷ್ಟು ಹೇಳಿದ್ದಾರೆ, ಹಗ್ಗ ದಾಟ್ಬೇಡಿ ಅಂತ. ನಮ್ ಮೇಡಂ ಏನ್ ಮಾಡಿದ್ರು? ಲಾಂಗ್ ಜಂಪ್!" ಜನ ನಕ್ಕರು. ಕಾಲಿನ ಸುದ್ದಿಯೇ ಇಲ್ಲ. ಅನಘಾ ಪಕ್ಕದಲ್ಲಿ ಕುಳಿತವಳು ನನ್ನನ್ನು ತಿವಿದು, "ಅಮ್ಮಾ, ಓ ಮೈ ಗಾಡ್, ಯೂ ಹ್ಯಾಡ್ ಒನ್ ಜಾಬ್!" ಎಂದಳು. ನಾನೂ ನಕ್ಕೆ. ಎಲ್ಲರೂ ನಗುವಾಗ ಒಬ್ಬಳೇ ಮುಖ ಗಂಟು ಹಾಕಿಕೊಂಡು ಕೂರಲು ಧೈರ್ಯ ಬೇಕು.

ಮನೆಗೆ ಬಂದು ಕೇಳಿದೆ. "ರೀ, ನಿಮ್ಮ ಕಥೆ ಎಷ್ಟು ಬೇಕಾದ್ರೂ ಹೇಳಿ. ನೀವೇ ಕರೆದದ್ದು ಅಂತ ಒಂದು ಮಾತು ಸೇರಿಸಿ. ಅಷ್ಟೇ ಸಾಕು ನಂಗೆ."

"ಅಯ್ಯೋ, ಅದನ್ನ ಹೇಳಿದ್ರೆ ತಮಾಷೆ ಎಲ್ಲಿರುತ್ತೆ?" ಎಂದರು. ಆಮೇಲೆ ಯೋಚಿಸಿ, "ಕರೆದ್ನಾ? ನೋವಲ್ಲಿ ಏನೇನೋ ಕೂಗಿರ್ತೀನಪ್ಪ" ಎಂದರು.

ಕೊರೊನಾ ಮುಗಿದ ಮೇಲೆ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿರುವ ಅವರ ಕಾಲೇಜಿನ ಗೆಳೆಯ ಕರೆಸಿಕೊಂಡ. "ಶನಿವಾರ ಆರ್ವೋ ಬಾರ್ಬಿ, ಆಮೇಲೆ ನಿನ್ ಸ್ಲೈಡ್ಸು" ಎಂದು ಆಹ್ವಾನ, ಅಂದರೆ ಮಧ್ಯಾಹ್ನ ಹಿತ್ತಲಲ್ಲಿ ಬಾರ್ಬೆಕ್ಯೂ ಊಟ. ಓದಲು ಬಂದ ಹುಡುಗ ಹುಡುಗಿಯರೂ ತುಂಬ ಬಂದಿದ್ದರು. ನಮ್ಮವರು ಗೆಳೆಯನ ಮಗಳ ಸ್ಕಿಪ್ಪಿಂಗ್ ಹಗ್ಗ ತರಿಸಿ ನೆಲಕ್ಕೆ ಹಾಕಿ, "ಬಾ ವಿಜೀ, ಹೇಗೆ ದಾಟಿದೆ ತೋರ್ಸು" ಎಂದರು. ಎಲ್ಲರೂ ಚಪ್ಪಾಳೆ. "ದಾಟಿ ಆಂಟಿ, ದಾಟಿ!" ನಾನು ಎದ್ದು ಹಗ್ಗದ ಈಚೆ ನಿಂತೆ. ನಿಂತಲ್ಲಿಂದ, "ಯಾಕೆ ದಾಟಿದೆ ಅಂತ ಇವರನ್ನೇ ಕೇಳಿ" ಎಂದೆ. ನಮ್ಮವರು ಎರಡೂ ಕೈ ಮೇಲೆತ್ತಿ, "ನೋಡಿದ್ರಾ? ಇನ್ನೂ ಒಪ್ಕೊಳ್ತಾ ಇಲ್ಲ!" ಎಂದರು. ಕೆಲವರು ಕುರ್ಚಿಯಿಂದ ಜಾರುವಷ್ಟು ನಕ್ಕರು. ವಿಮಾನದಲ್ಲಿ ವಾಪಸು ಬರುವಾಗ ನಮ್ಮವರು ಖುಷಿಯಲ್ಲಿದ್ದರು. "ಆ ಡೈಲಾಗ್ ಸೂಪರ್ ಕಣೇ. ಪರ್ತ್‌ನಲ್ಲೂ ಅದನ್ನೇ ಹೇಳು" ಎಂದರು.

ಹೌದು, ಪರ್ತ್‌ಗೂ ಹೋದೆ. ಯಾಕೆ ಹೋದೆ ಎಂದರೆ, ಈ ಸಲವಾದರೂ ಹೇಳಿಬಿಡುತ್ತಾರೇನೋ ಎಂಬ ಆಸೆ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಇರಬಾರದ ಆಸೆ ಅದು, ಇತ್ತು. ಅಲ್ಲಿಯ ಕನ್ನಡದವರ ಹಬ್ಬ, ಹಾಲ್‌ನ ಮುಂದಿನ ಸಾಲಿನಲ್ಲಿ ಹಿರಿಯರು, ಹಿಂದೆ ಹುಡುಗರು. ನಮ್ಮವರು ಕಥೆಯನ್ನು ಹಗ್ಗದವರೆಗೆ ತಂದು, ಅಲ್ಲಿ ನಿಲ್ಲಿಸಿ, ನನ್ನ ಕೈಗೆ ಮೈಕು ಕೊಟ್ಟು ಕಣ್ಣು ಮಿಟುಕಿಸಿದರು. ನನ್ನ ಡೈಲಾಗಿಗೆ ಜಾಗ ಬಿಟ್ಟಿದ್ದರು.

ನಾನು ಆ ಡೈಲಾಗ್ ಹೇಳಲಿಲ್ಲ. "ಹಗ್ಗ ದಾಟಬಾರದು ಅಂತ ನಂಗೆ ಗೊತ್ತಿತ್ತು" ಎಂದೆ. "ಅಲ್ಲಿದ್ದ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಇವರು ಹಿಮ ಬಡೀದೆ ಓಡಾಡಿ ಕಾಲು ಮರಗಟ್ಟಿಸ್ಕೊಂಡಿದ್ರು. ಬೆರಳು ಉದುರಿಹೋಗೋ ಹಾಗಿತ್ತು. ಅದಕ್ಕೇ ದಾಟಿದೆ. ನನ್ನ ಹೊಟ್ಟೆ ಮೇಲೆ ಇವರ ಪಾದ ಇಟ್ಕೊಂಡು ಕೂತಿದ್ದೆ." ಇನ್ನೊಂದೇ ವಾಕ್ಯ ಬಾಕಿಯಿತ್ತು. ಅದನ್ನು ನಾನು ಹೇಳಿದರೆ ಬೆಲೆಯಿಲ್ಲ, ಅವರ ಬಾಯಿಂದಲೇ ಬರಬೇಕು. "ಮಿಕ್ಕಿದ್ದು ನೀವೇ ಹೇಳಿ" ಎಂದು ಮೈಕನ್ನು ಅವರ ಕೈಗೆ ಕೊಟ್ಟೆ.

ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ನಾಟಕವಲ್ಲ, ನನಗೆ ಗೊತ್ತಾಗುತ್ತದೆ. ನನ್ನ ಹೆಗಲ ಮೇಲೆ, ಕಚ್ಚಿದ್ದ ಅದೇ ಹೆಗಲ ಮೇಲೆ, ಕೈ ಹಾಕಿದರು. "ನಿಜ ಹೇಳ್ಬೇಕಂದ್ರೆ," ಎಂದರು, "ನಾನು ಇವಳನ್ನ ಕರೀಲೇ ಇಲ್ಲ. ಹೆಂಡ್ತಿಗೆ ಯಾಕೆ ತೊಂದ್ರೆ ಅಂತ ಸುಮ್ನೆ ಕೂತಿದ್ದೆ. ಕರೀದೇನೇ ಬಂದ್ಲು."

ಹಾಲ್‌ಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಿಂದ ವಯಸ್ಸಾದ ಆಂಟಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಪೂಜೆಯ ತಟ್ಟೆಯನ್ನೇ ಎತ್ತಿಕೊಂಡು ವೇದಿಕೆಗೆ ಬಂದರು. "ಕರೆಯೋಕ್ ಮುಂಚೆ ಬರೋಳೇ ಕಣಮ್ಮ ಪತಿವ್ರತೆ. ಬಾ, ಕುಂಕುಮ ಇಡ್ತೀನಿ" ಎಂದರು. ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಆಂಟಿಗೆ ನನ್ನ ಹಣೆ ಎಟುಕುತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ.